ಡಿಸ್ಕ್ ಹೊಸದು, ನೆಗೆಟಿವ್ ಯಾವುದು?

ಡಿವಿಡಿ ಬಿಟ್ಟು ಬ್ಲೂ-ರೇಗೆ ಹೋಗುವುದು ಲಾಭವೋ ದುಂದೋ ಎಂಬ ಪ್ರಶ್ನೆಗೆ ಸುಮಾರು ಇಪ್ಪತ್ತು ವರ್ಷ ವಯಸ್ಸಾಯಿತು. 2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಬಗೆಯ ಡಿಸ್ಕುಗಳು ಒಂದರ ಬೆನ್ನಿಗೊಂದು ಮಾರುಕಟ್ಟೆಗೆ ಬಂದು ಜಗಳಕ್ಕೆ ನಿಂತವು. 2008ರ ಫೆಬ್ರುವರಿಯಲ್ಲಿ ತೋಷಿಬಾ ಕಂಪನಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು. ಗೆದ್ದದ್ದಕ್ಕೂ ಹೆಚ್ಚು ದಿನದ ಸುಖವಿರಲಿಲ್ಲ. 2016ರಲ್ಲಿ 4ಕೆ ಡಿಸ್ಕ್ ಬರುವ ಹೊತ್ತಿಗೆ ಜನ ಡಿಸ್ಕ್ ಕೊಳ್ಳುವುದನ್ನೇ ಬಿಟ್ಟು ಓಟಿಟಿಯತ್ತ ನಡೆದಿದ್ದರು. ಒಳ್ಳೆಯ ಪ್ಲೇಯರುಗಳಿಗೆ ಹೆಸರಾಗಿದ್ದ ಒಪ್ಪೊ 2018ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು.

ಆದರೂ ಪ್ರಶ್ನೆ ಸತ್ತಿಲ್ಲ. ಇವತ್ತು ಓಟಿಟಿಯಲ್ಲಿದ್ದ ಚಿತ್ರ ನಾಳೆ ಹೇಳದೆ ಕೇಳದೆ ಮಾಯವಾಗುವುದನ್ನು ಕಂಡವರು, ಇಷ್ಟದ ಹತ್ತು ಚಿತ್ರಗಳನ್ನಾದರೂ ಕಪಾಟಿನಲ್ಲಿಟ್ಟುಕೊಳ್ಳೋಣ ಎಂದು ಮತ್ತೆ ಡಿಸ್ಕಿನ ಕಡೆ ತಿರುಗುತ್ತಿದ್ದಾರೆ. ಊರಿನಿಂದ ದೂರವಿದ್ದು, ಕನ್ನಡ ಚಿತ್ರವನ್ನು ಥಿಯೇಟರಿನಲ್ಲಿ ನೋಡಲು ವಾರದಲ್ಲಿ ಒಂದೇ ಒಂದು ಬೆಳಗಿನ ಆಟ ಸಿಗುವ ನಮ್ಮಂಥವರಲ್ಲಿ ಈ ಆಸೆ ಇನ್ನೂ ಸ್ವಲ್ಪ ಹೆಚ್ಚು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವುದು ಯಂತ್ರದ ಉತ್ತರ: ಇಷ್ಟು ಪಿಕ್ಸೆಲ್, ಇಷ್ಟು ಜಿಬಿ, ಇಷ್ಟು ಇಂಚು. ನಾನು ಇದನ್ನು ಚಿತ್ರದ ಕಡೆಯಿಂದ ಕೇಳುತ್ತೇನೆ. ಒಳ್ಳೆಯ ಡಿಸ್ಕಿನಲ್ಲಿ ನೋಡಿದ ಮೇಲೆ ಒಂದು ಚಿತ್ರದ ಬಗ್ಗೆ ನಾವು ಆಡುವ ಮಾತು ಬದಲಾಗುತ್ತದೆಯೇ? ಬದಲಾಗದಿದ್ದರೆ ಹಣ ಉಳಿಸುವುದು ಮೇಲು. ಬದಲಾಗುವುದಾದರೆ ಇದು ಷೋಕಿಯ ಪ್ರಶ್ನೆಯಲ್ಲ, ಓದಿನ ಪ್ರಶ್ನೆ.

ಯಂತ್ರದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ನಮ್ಮಲ್ಲಿ ಬಹುಕಾಲ ಓಡಿದ ವಿಸಿಡಿಯ ಒಂದು ಚೌಕಟ್ಟಿನಲ್ಲಿ 352 ಅಡ್ಡ, 288 ಉದ್ದ, ಒಟ್ಟು ಒಂದು ಲಕ್ಷ ಚುಕ್ಕೆಗಳು. ಪಾಲ್ ಪದ್ಧತಿಯ ಡಿವಿಡಿಯಲ್ಲಿ 720 ಅಡ್ಡ, 576 ಉದ್ದ, ಸುಮಾರು ನಾಲ್ಕು ಲಕ್ಷ. ಬ್ಲೂ-ರೇಯಲ್ಲಿ 1920 ಅಡ್ಡ, 1080 ಉದ್ದ, ಇಪ್ಪತ್ತು ಲಕ್ಷಕ್ಕೂ ಸ್ವಲ್ಪ ಹೆಚ್ಚು. ಅಂದರೆ ಬ್ಲೂ-ರೇ ಡಿವಿಡಿಯ ಐದು ಪಟ್ಟು, ವಿಸಿಡಿಯ ಇಪ್ಪತ್ತು ಪಟ್ಟು. 4ಕೆ ಡಿಸ್ಕ್ ಬ್ಲೂ-ರೇಯ ನಾಲ್ಕು ಪಟ್ಟು.

ಕಣ್ಣಿಗೂ ಒಂದು ಮಿತಿ ಇದೆ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಆರೋಗ್ಯವಾದ ಕಣ್ಣು ಬೇರೆಬೇರೆ ಎಂದು ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಿದ್ದರೆ ಎರಡೂ ಒಂದಾಗಿ ಕಾಣುತ್ತವೆ. ಈ ಲೆಕ್ಕ ಹಿಡಿದರೆ, 40 ಇಂಚಿನ ಟೀವಿಯಿಂದ ಹತ್ತು ಅಡಿ ದೂರ ಕೂತವರಿಗೆ ಡಿವಿಡಿಯ ಚುಕ್ಕೆಗಳೇ ಬೆರೆತುಹೋಗುತ್ತವೆ. ವಿವರದ ಮಟ್ಟಿಗೆ ಬ್ಲೂ-ರೇ ಅವರಿಗೆ ಹೆಚ್ಚಿನದೇನನ್ನೂ ಕೊಡಲಾರದು. ಬ್ಲೂ-ರೇಯ ಪೂರ್ತಿ ವಿವರ ಬೇಕಿದ್ದರೆ ಅದೇ ಟೀವಿಯ ಮುಂದೆ ಐದು ಅಡಿಗೆ ಬರಬೇಕು. 4ಕೆಯ ಪೂರ್ತಿ ವಿವರಕ್ಕೆ ಎರಡೂವರೆ ಅಡಿಗೆ. ಮುಂಬೈ, ಪುಣೆಯ ಬಾಡಿಗೆ ಮನೆಗಳ ಹಾಲ್‌ನಲ್ಲಿ ಸೋಫಾಕ್ಕೂ ಗೋಡೆಗೂ ಏಳೆಂಟು ಅಡಿ ಇದ್ದರೆ ಹೆಚ್ಚು. ಜಾಗ ಕಡಿಮೆಯಾದಷ್ಟೂ ಒಳ್ಳೆಯ ಡಿಸ್ಕಿನಿಂದ ಲಾಭ ಹೆಚ್ಚು ಎಂಬುದು ನಮಗೆಲ್ಲ ಸಮಾಧಾನದ ಸುದ್ದಿ.

ಚುಕ್ಕೆಗಳಷ್ಟೇ ಅಲ್ಲ. ಡಿವಿಡಿಯ ಚಿತ್ರ ಸೆಕೆಂಡಿಗೆ ಹೆಚ್ಚೆಂದರೆ 9.8 ಮೆಗಾಬಿಟ್ ಹರಿದರೆ ಬ್ಲೂ-ರೇಯದು 40ರವರೆಗೆ ಹೋಗಬಲ್ಲದು. ಅದೇ 1080 ಗೆರೆಗಳ ಚಿತ್ರವನ್ನು ತೋರಿಸಲು ನೆಟ್‌ಫ್ಲಿಕ್ಸ್ ಕೇಳುವುದು 5 ಮೆಗಾಬಿಟ್ ವೇಗದ ಸಂಪರ್ಕ. ಓಟಿಟಿಯ ಎಚ್‌ಡಿ ಮತ್ತು ಡಿಸ್ಕಿನ ಎಚ್‌ಡಿ ಒಂದೇ ಅಲ್ಲ ಎನ್ನುವುದು ಮಳೆ, ಹೊಗೆ, ಮಂಜಿನ ದೃಶ್ಯ ಬಂದಾಗ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ಸಂಗತಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ. ಪಾಲ್ ಪದ್ಧತಿಯಲ್ಲಿ 25. ಆದ್ದರಿಂದ ಆ ಪದ್ಧತಿಯ ಡಿಸ್ಕುಗಳಲ್ಲಿ ಚಿತ್ರವನ್ನು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡಿಸುವುದು ರೂಢಿ. ಎರಡು ಗಂಟೆಯ ಚಿತ್ರ ಐದು ನಿಮಿಷ ಬೇಗ ಮುಗಿಯುತ್ತದೆ, ದನಿ ತುಸು ಏರುತ್ತದೆ. ಬ್ಲೂ-ರೇ 24ರಲ್ಲೇ ಓಡುತ್ತದೆ. ಹಾಡು ಕೇಳಿ ಬೆಳೆದವರಿಗೆ, ಅರ್ಧ ಸ್ವರಕ್ಕಿಂತ ತುಸು ಕಡಿಮೆಯಾದ ಈ ವ್ಯತ್ಯಾಸ ಕಿವಿಗೆ ಬೀಳದೆ ಇರುವುದಿಲ್ಲ.

ಆದರೆ ಇದೆಲ್ಲ ಪಾತ್ರೆಯ ಅಳತೆ. ಪಾತ್ರೆ ದೊಡ್ಡದಾಯಿತೆಂದು ಹಾಲು ಗಟ್ಟಿಯಾಗುವುದಿಲ್ಲ. ಡಿಸ್ಕಿನೊಳಗೆ ಇಳಿಸಿದ ಚಿತ್ರ ಎಲ್ಲಿಂದ ಬಂತು ಎಂಬುದೇ ಮುಖ್ಯ. ಈ ಮಾತು ಸಾಹಿತ್ಯದ ಓದುಗರಿಗೆ ಹೊಸದಾಗಬೇಕಿಲ್ಲ. ಹಳಗನ್ನಡ ಕಾವ್ಯವೊಂದನ್ನು ಅಚ್ಚು ಹಾಕಿಸುವ ಸಂಪಾದಕರು ಯಾವ ಯಾವ ಊರಿನ ಓಲೆಗರಿ ಪ್ರತಿಗಳನ್ನು ನೋಡಿದೆವು, ಯಾವುದರಲ್ಲಿ ಎಷ್ಟು ಗರಿ ಇಲ್ಲ, ಎಲ್ಲಿ ಪಾಠಭೇದ ಇದೆ ಎಂದು ಮುನ್ನುಡಿಯಲ್ಲೇ ಹೇಳುತ್ತಾರೆ. ಪಂಪಭಾರತವನ್ನು ಬಿ.ಎಲ್. ರೈಸ್ 1898ರಲ್ಲಿ ಮೊದಲು ಅಚ್ಚು ಹಾಕಿಸಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಬೇರೆ ಪ್ರತಿಗಳನ್ನೂ ನೋಡಿ ಪರಿಷ್ಕರಿಸಿ ತಂದಿತು. ಆ ಎರಡನೆಯ ಪುಸ್ತಕ ಬೇಕೇ, ಮೊದಲನೆಯದರಲ್ಲೇ ಕಥೆ ಗೊತ್ತಾಗುತ್ತದಲ್ಲ ಎಂದು ಯಾರೂ ಕೇಳುವುದಿಲ್ಲ. ಸಿನಿಮಾದ ವಿಷಯಕ್ಕೆ ಬಂದಾಗ ಮಾತ್ರ ನಾವು ಪ್ರತಿಯ ವಿಚಾರವನ್ನು ಎತ್ತದೆ ನೇರವಾಗಿ ಕೃತಿಯ ಬಗ್ಗೆ ತೀರ್ಪು ಕೊಡುತ್ತೇವೆ.

ಒಂದು ಒಳ್ಳೆಯ ಡಿಸ್ಕ್ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸತ್ಯಜಿತ್ ರಾಯ್ ಅವರ ಅಪು ತ್ರಿವಳಿ. 1955ರ 'ಪಥೇರ್ ಪಾಂಚಾಲಿ', 1956ರ 'ಅಪರಾಜಿತೋ', 1959ರ 'ಅಪುರ್ ಸಂಸಾರ್'. ರಾಯ್ ತೀರಿಕೊಂಡ ಮರುವರ್ಷ, 1993ರಲ್ಲಿ, ಈ ಚಿತ್ರಗಳ ಮೂಲ ನೆಗೆಟಿವ್‌ಗಳು ಲಂಡನ್ನಿನ ಒಂದು ಲ್ಯಾಬಿನಲ್ಲಿದ್ದಾಗ ಅಲ್ಲಿ ಬೆಂಕಿ ಬಿತ್ತು. ಸುಟ್ಟುಳಿದದ್ದನ್ನು ಎಸೆಯದೆ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್‌ನಲ್ಲಿ ಇಟ್ಟರು. ಇಪ್ಪತ್ತು ವರ್ಷದ ಮೇಲೆ ಅಕಾಡೆಮಿ ಮತ್ತು ಕ್ರೈಟೀರಿಯನ್ ಸಂಸ್ಥೆ ಸೇರಿ ಅದನ್ನು ಇಟಲಿಯ ಬೊಲೊನ್ಯಾ ನಗರದ ಲಿಮ್ಮಾಜಿನೆ ರಿಟ್ರೊವಾಟಾ ಎಂಬ ಲ್ಯಾಬಿಗೆ ಕಳುಹಿಸಿದರು. ಅಲ್ಲಿಯ ಕೆಲಸಗಾರರು ಸುಮಾರು ಸಾವಿರ ಗಂಟೆ ಕೂತು, ಕರಗಿದ ಅಂಟು ಬಿಡಿಸಿ, ಹರಿದ ರಂಧ್ರಗಳನ್ನು ಕೈಯಿಂದ ಕಟ್ಟಿ, ಸ್ಕ್ಯಾನರಿನಲ್ಲಿ ಹೋಗುವಷ್ಟು ಗಟ್ಟಿ ಮಾಡಿದರು. ಕೊನೆಗೆ 'ಪಥೇರ್ ಪಾಂಚಾಲಿ'ಯ ಶೇಕಡಾ 40ರಷ್ಟು, 'ಅಪರಾಜಿತೋ'ದ ಶೇಕಡಾ 60ಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ದಕ್ಕಿತು. ಉಳಿದದ್ದನ್ನು ಬೇರೆ ಬೇರೆ ಕಡೆ ಉಳಿದಿದ್ದ ಪ್ರತಿಗಳಿಂದ ತುಂಬಿದರು. 'ಅಪುರ್ ಸಂಸಾರ್'ದ ನೆಗೆಟಿವ್ ಬಳಸುವ ಸ್ಥಿತಿಯಲ್ಲೇ ಇರಲಿಲ್ಲ, ಪ್ರತಿಗಳೇ ಗತಿಯಾದವು. 2015ರಲ್ಲಿ ಇದು ಬ್ಲೂ-ರೇಯಾಗಿ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಗ್ರಂಥ ಸಂಪಾದನೆ, ಗೆದ್ದಲು ಹಿಡಿದ ಗರಿಯೊಂದಿಗೆ.

ನನ್ನ ಬಳಿ ಇದರ ಹಳೆಯ ಡಿವಿಡಿಯೂ ಇದೆ, ಹೊಸದೂ ಇದೆ. ಎರಡನ್ನೂ ಒಂದಾದಮೇಲೊಂದು ಹಾಕಿ ನೋಡಿದ್ದೇನೆ. ಮಿಠಾಯಿ ಮಾರುವವನ ಹಿಂದೆ ದುರ್ಗಾ ಮತ್ತು ಅಪು ಹೊರಡುವ ದೃಶ್ಯ ನೆನಪಿಸಿಕೊಳ್ಳಿ. ಅವರ ಹಿಂದೆ ನಾಯಿ. ಕೊಳದ ನೀರಿನಲ್ಲಿ ಈ ಮೆರವಣಿಗೆ ತಲೆಕೆಳಗಾಗಿ ಸಾಗುತ್ತದೆ. ಹಳೆಯ ಡಿವಿಡಿಯಲ್ಲಿ ನೀರು ಎಂದರೆ ಅಲುಗಾಡುವ ಬೂದು ಬಣ್ಣ, ಅದರಲ್ಲಿ ನಾಲ್ಕು ಕಪ್ಪು ಆಕಾರ. ಹೊಸದರಲ್ಲಿ ನೀರಿನ ಮೈಯೇ ಬೇರೆ, ಅದರೊಳಗಿನ ಬಿಂಬವೇ ಬೇರೆ ಎಂದು ಕಾಣುತ್ತದೆ. ಡಿವಿಡಿಯಲ್ಲಿ ಇದೊಂದು ಚೆಂದದ ಉಪಾಯದಂತಿತ್ತು. ಬ್ಲೂ-ರೇಯಲ್ಲಿ ಆ ಮಕ್ಕಳ ಸಂತೋಷ ಎಷ್ಟು ತೆಳುವಾದ ಜಾಗದ ಮೇಲೆ ನಿಂತಿದೆ ಎಂಬುದು ಹೊಳೆಯುತ್ತದೆ. ದುಡ್ಡಿಲ್ಲದ ಮನೆಯ ಮಕ್ಕಳು, ಸಿಗದ ಮಿಠಾಯಿ, ನೀರಿನ ಮೇಲಿನ ನಡಿಗೆ.

ರೈಲು ಬರುವ ಮುಂಚಿನ ಕಾಶದ ಹೂವಿನ ಬಯಲೂ ಹಾಗೆಯೇ. ಡಿವಿಡಿಯಲ್ಲಿ ಅದು ಒಂದೇ ಬಿಳಿ ರಾಶಿ. ಮಕ್ಕಳು ಅದರಲ್ಲಿ ಮುಳುಗಿ ಏಳುವಾಗ ಸುತ್ತ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಬ್ಲೂ-ರೇಯಲ್ಲಿ ಒಂದೊಂದು ತೆನೆಯೂ ತನ್ನ ಪಾಡಿಗೆ ಬಾಗುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳಬಹುದು. ಇನ್ನು ಚುನಿಬಾಲಾ ದೇವಿ ಮಾಡಿದ ಇಂದಿರ್ ಠಾಕ್ರುಣ್ ಪಾತ್ರ. ಆ ಮುಖದ ಸುಕ್ಕುಗಳು ಹಳೆಯ ಪ್ರತಿಯಲ್ಲಿ ವಯಸ್ಸಾದವರ ಮುಖ ಎಂಬಷ್ಟನ್ನೇ ಹೇಳುತ್ತಿದ್ದವು. ಹೊಸದರಲ್ಲಿ ಆ ಸುಕ್ಕುಗಳ ನಡುವೆ ಕಣ್ಣು ಎಷ್ಟು ಚುರುಕಾಗಿದೆ, ಹಣ್ಣು ಸಿಕ್ಕಾಗ ತುಟಿ ಹೇಗೆ ಅಲುಗುತ್ತದೆ ಎಂಬುದು ಕಂಡು, ಕರುಣೆಯ ಜೊತೆಗೆ ನಗುವೂ ಬರುತ್ತದೆ. ಆಕೆ ಬರೀ ಪಾಪದ ಮುದುಕಿಯಲ್ಲ, ತುಂಟಿ ಕೂಡ. ಇಲ್ಲಿ ಡಿಸ್ಕ್ ಬದಲಾದ್ದರಿಂದ ಪಾತ್ರವನ್ನು ಓದುವ ಬಗೆಯೇ ಬದಲಾಯಿತು.

ಮೂರನೆಯ ಉದಾಹರಣೆ ಇನ್ನೂ ದೊಡ್ಡದು. 'ಅಪರಾಜಿತೋ'ದಲ್ಲಿ ಬನಾರಸಿನ ಮನೆಯ ಒಳಅಂಗಳ ಬರುತ್ತದೆ. ಅದು ಬನ್ಸಿ ಚಂದ್ರಗುಪ್ತ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಮೇಲಿನಿಂದ ಬೀಳುವ ಆಕಾಶದ ಬೆಳಕಿಗೆ ನೆರಳು ಇರುವುದಿಲ್ಲ, ಸ್ಟುಡಿಯೋದ ದೀಪಗಳಿಗೆ ಇರುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದಕ್ಕೆ ಹಾಯಿಸಿ, ಹಿಂದಿರುಗಿ ಬೀಳುವ ಮೆತ್ತನೆಯ ಬೆಳಕಿನಲ್ಲಿ ಚಿತ್ರ ತೆಗೆದರು. ಛಾಯಾಗ್ರಹಣದ ಚರಿತ್ರೆಯಲ್ಲಿ ಇದನ್ನು ಎಲ್ಲರೂ ಹೆಸರಿಸುತ್ತಾರೆ. ಆದರೆ ಕೆಟ್ಟ ಪ್ರತಿಯಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಮೆತ್ತನೆಯ ಬೆಳಕಿನ ಗುಣವಿರುವುದು ಬಿಳಿಗೂ ಕಪ್ಪಿಗೂ ನಡುವಿನ ಹತ್ತಾರು ಬೂದುಗಳಲ್ಲಿ. ಪ್ರತಿಯ ಪ್ರತಿಯ ಪ್ರತಿ ತೆಗೆದಾಗ ಮೊದಲು ಸಾಯುವುದು ಆ ಬೂದುಗಳೇ. ಬ್ಲೂ-ರೇಯಲ್ಲಿ ಅಂಗಳದ ಕಂಬದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೆಳಕು ಹೇಗೆ ಜಾರುತ್ತದೆ ಎಂದು ನೋಡಬಹುದು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣು ಆಗ ಒಪ್ಪುತ್ತದೆ.

ಇದೇ ಡಿಸ್ಕ್ ತನ್ನ ಗಾಯಗಳನ್ನೂ ತೋರಿಸುತ್ತದೆ. ನೆಗೆಟಿವ್‌ನಿಂದ ಬಂದ ಭಾಗ ಮುಗಿದು ಬೇರೆ ಪ್ರತಿಯ ಭಾಗ ಶುರುವಾದಾಗ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಕಪ್ಪು ಸ್ವಲ್ಪ ತೇಲುತ್ತದೆ. ಡಿವಿಡಿಯಲ್ಲಿ ಎಲ್ಲವೂ ಒಂದೇ ಸಮನೆ ಮಂದವಾಗಿದ್ದುದರಿಂದ ಇದು ಗೊತ್ತಾಗುತ್ತಿರಲಿಲ್ಲ. ನನಗೆ ಇದು ದೋಷ ಅನ್ನಿಸುವುದಿಲ್ಲ. ಬಿಟ್ಟುಹೋದ ಜಾಗದಲ್ಲಿ ಸಂಪಾದಕರು ಚುಕ್ಕೆ ಇಟ್ಟು ಮುಂದೆ ಹೋಗುವಂತೆ, ಇಲ್ಲಿಯೂ ಕಳೆದದ್ದು ಕಳೆದದ್ದೇ ಎಂದು ಒಪ್ಪಿದ್ದಾರೆ.

ಒಪ್ಪದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2010ರಲ್ಲಿ 'ಪ್ರೆಡೇಟರ್' ಚಿತ್ರದ ಹೊಸ ಬ್ಲೂ-ರೇ ಬಂದಾಗ ಫಿಲ್ಮಿನ ಸಹಜ ಮರಳುಮರಳು ಕಣಗಳನ್ನು ಕೊಳೆ ಎಂದು ಬಗೆದು ಯಂತ್ರದಿಂದ ಒರೆಸಿಹಾಕಿದ್ದರು. ಆ ಕಣಗಳ ಜೊತೆಗೆ ಚರ್ಮದ ರಂಧ್ರ, ಬೆವರು, ಗಾಯದ ಗೀರು ಎಲ್ಲ ಹೋಗಿ ನಟರು ಮೇಣದ ಗೊಂಬೆಗಳಾದರು. 2024ರಲ್ಲಿ ಜೇಮ್ಸ್ ಕ್ಯಾಮರೂನ್ ಅವರ 'ಏಲಿಯನ್ಸ್', 'ಟ್ರೂ ಲೈಸ್' 4ಕೆ ಡಿಸ್ಕುಗಳು ಬಂದಾಗಲೂ ಯಂತ್ರ ತಿದ್ದಿದ ಮುಖಗಳ ಬಗ್ಗೆ ನೋಡುಗರು ಜಗಳ ತೆಗೆದರು. ಡಿವಿಡಿಗಿಂತ ಬ್ಲೂ-ರೇ, ಬ್ಲೂ-ರೇಗಿಂತ 4ಕೆ ಮೇಲೆಂಬ ಏಣಿ ಇಲ್ಲಿ ಮುರಿದುಬೀಳುತ್ತದೆ. ಚುಕ್ಕೆ ಹೆಚ್ಚಿದ್ದೂ ಸತ್ಯ, ಚಿತ್ರ ಕಡಿಮೆಯಾದದ್ದೂ ಸತ್ಯ. ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಹಾಡುಗಳಿಗೆ '4ಕೆ' ಎಂದು ಹಣೆಪಟ್ಟಿ ಹಚ್ಚಿ ಹಾಕುವವರು ಬಹಳ ಸಲ ಮಾಡುವುದು ಇದನ್ನೇ: ಹಳೆಯ ಟೇಪಿನ ಚಿತ್ರವನ್ನು ಕಂಪ್ಯೂಟರಿಗೆ ಕೊಟ್ಟು ಹಿಗ್ಗಿಸುವುದು. ಇಲ್ಲದ ಕಣ್ರೆಪ್ಪೆಯನ್ನು ಯಂತ್ರ ಊಹಿಸಿ ಬರೆಯುತ್ತದೆ. ನೋಡಲು ಚೊಕ್ಕಟ, ಆದರೆ ಅದು ಮೂಲಪಾಠವಲ್ಲ, ಪ್ರಕ್ಷೇಪ.

ಈಗ ನಮ್ಮ ಮನೆಯ ವಿಚಾರಕ್ಕೆ ಬರುತ್ತೇನೆ. ಹೊರನಾಡಿನ ಕನ್ನಡಿಗರ ಕಪಾಟಿನಲ್ಲಿರುವ ಕನ್ನಡ ಸಿನಿಮಾ ಎಂದರೆ ಹೆಚ್ಚಾಗಿ ವಿಸಿಡಿ. ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡದ್ದು, ಗಾಂಧಿನಗರದಿಂದ ಯಾರೋ ತಂದುಕೊಟ್ಟದ್ದು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿದ ಮೇಲಂತೂ ಒಂದು ಕಾಫಿ ತಿಂಡಿಯ ಬೆಲೆಗೆ ಸಿನಿಮಾ ಮನೆಗೆ ಬಂತು. ಅದು ಸಣ್ಣ ಉಪಕಾರವಲ್ಲ. ಒಂದೇ ಡಿವಿಡಿಯಲ್ಲಿ ಮೂರು ಚಿತ್ರ ತುರುಕಿದ 'ತ್ರೀ ಇನ್ ಒನ್'ಗಳೂ ಬಂದವು. 8.5 ಜಿಬಿಯ ಜಾಗದಲ್ಲಿ ಮೂರು ಎರಡೂವರೆ ಗಂಟೆಯ ಚಿತ್ರಗಳನ್ನು ಕೂರಿಸಿದರೆ ಅವು ಹೇಗೆ ಉಸಿರಾಡಬೇಕು? ಟೀವಿ ಅಗಲವಾದ ಮೇಲೆ, ಹೆಚ್ಚುಕಡಿಮೆ ಚೌಕಾಕಾರದ ಹಳೆಯ ಚಿತ್ರಗಳ ನೆತ್ತಿ ಮತ್ತು ಪಾದ ಕತ್ತರಿಸಿ ಅಗಲ ಮಾಡಿದ ಪ್ರತಿಗಳೂ ಬಂದವು. ಮೂಲೆಯಲ್ಲಿ ಕಂಪನಿಯ ಲೋಗೋ, ಕೆಳಗೆ ಫೋನ್ ನಂಬರ್.

'ಬಂಗಾರದ ಮನುಷ್ಯ'ವನ್ನು ವಿಸಿಡಿಯಲ್ಲಿ ನೋಡಿಯೂ ಜನ ಅತ್ತಿದ್ದಾರೆ, ಆದ್ದರಿಂದ ಇದೆಲ್ಲ ಅತಿ ನಾಜೂಕು ಎಂದು ಕೆಲವರು ಹೇಳುವುದುಂಟು. ಆ ಮಾತಿನಲ್ಲಿ ಹುರುಳಿದೆ. ಮಾತು, ಹಾಡು, ನಟನ ದನಿಯ ಮೇಲೆ ನಿಂತ ಚಿತ್ರ ಕೆಟ್ಟ ಪ್ರತಿಯಲ್ಲೂ ಬದುಕುತ್ತದೆ. ರಾಜ್‌ಕುಮಾರ್ ಅವರ ಮಾತಿಗೆ ಪಿಕ್ಸೆಲ್ ಬೇಕಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಬಗೆಯ ಚಿತ್ರಗಳಿವೆ. 1970ರ 'ಸಂಸ್ಕಾರ'. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಹಣ. 1977ರ 'ಘಟಶ್ರಾದ್ಧ'. ಗಿರೀಶ ಕಾಸರವಳ್ಳಿ ಅವರ ಮೊದಲ ಚಿತ್ರ, ಎಸ್. ರಾಮಚಂದ್ರ ಛಾಯಾಗ್ರಹಣ. ಎರಡೂ ಅನಂತಮೂರ್ತಿ ಅವರ ಬರಹದಿಂದ ಹುಟ್ಟಿದವು, ಎರಡೂ ಕಪ್ಪು-ಬಿಳುಪು, ಎರಡೂ ಮಲೆನಾಡು. ಇವುಗಳ ಶಕ್ತಿ ಮಾತಿನಲ್ಲಿರುವಷ್ಟೇ ಬೆಳಕಿನಲ್ಲಿದೆ.

ಹೊಸ ಅಲೆಯ ಚಿತ್ರ ಎಂದರೆ ಮಂಕು, ಕತ್ತಲು, ಒಣ ಎಂಬ ಮಾತು ನಮ್ಮ ನಡುವೆ ಎಷ್ಟು ಸಲೀಸಾಗಿ ಓಡಾಡುತ್ತದೆ. ವಿದ್ಯಾರ್ಥಿಗಳು ಸೆಮಿನಾರಿನಲ್ಲಿ ಅದನ್ನು ಶೈಲಿ ಎಂದು ವಿವರಿಸುತ್ತಾರೆ: ಕೊಳೆತ ಅಗ್ರಹಾರಕ್ಕೆ ತಕ್ಕ ಕೊಳೆತ ಬೆಳಕು. ನನಗೆ ಅನುಮಾನ. ಆ ಮಂಕು ರಾಮಚಂದ್ರ ಅವರದೋ, ಅಥವಾ ಸವೆದ ಪ್ರಿಂಟಿನಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಯೂಟ್ಯೂಬಿಗೆ ಇಳಿದ ದಾರಿಯದೋ? 'ಘಟಶ್ರಾದ್ಧ'ವನ್ನು ನಾವು ನೋಡುವುದು ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಅವನಿಗೆ ದೊಡ್ಡವರ ಮಾತು ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಆದ್ದರಿಂದ ಅವನು ಏನು ಕಂಡ, ಎಷ್ಟು ಕಂಡ ಎಂಬುದೇ ಚಿತ್ರದ ಕಥೆ. ಕೊನೆಯಲ್ಲಿ ಬಹಿಷ್ಕಾರಕ್ಕೆ ಒಳಗಾಗಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ಅವನು ನೋಡುತ್ತಾನೆ. ಅದು ನೋಟದ ಮೇಲೆ ನಿಂತ ಮುಕ್ತಾಯ. ಆ ನೋಟ ಹುಡುಗನಿಗೆ ಎಷ್ಟು ಸ್ಪಷ್ಟವಾಗಿತ್ತೋ ಅಷ್ಟು ನಮಗೂ ಆಗದಿದ್ದರೆ, ನಾವು ಚರ್ಚಿಸುತ್ತಿರುವುದು ಕಥೆಯ ಸಾರಾಂಶವನ್ನು, ಚಿತ್ರವನ್ನಲ್ಲ. ಅಷ್ಟಕ್ಕೆ ಅನಂತಮೂರ್ತಿ ಅವರ ಕಥೆಯನ್ನೇ ಓದಿದರೆ ಸಾಕಿತ್ತು.

ಅದಕ್ಕೇ 2024ರ ಸುದ್ದಿ ನನಗೆ ಯಾವ ಹೊಸ ಪ್ಲೇಯರಿಗಿಂತಲೂ ದೊಡ್ಡದು. ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ 'ಘಟಶ್ರಾದ್ಧ'ವನ್ನು ಪುನರುಜ್ಜೀವನಗೊಳಿಸಿದವು. ಕೆಲಸ ನಡೆದದ್ದು ಅಪು ತ್ರಿವಳಿಯನ್ನು ಉಳಿಸಿದ ಅದೇ ಬೊಲೊನ್ಯಾ ಲ್ಯಾಬಿನಲ್ಲಿ. ಆ ವರ್ಷದ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನಗೊಂಡಿತು. ಮಲಯಾಳದ ಅರವಿಂದನ್ ಅವರ 'ಕುಮ್ಮಾಟಿ' ಮತ್ತು 'ತಂಪ್' ಚಿತ್ರಗಳಿಗೆ ಈ ಭಾಗ್ಯ ಅದಕ್ಕೂ ಮೊದಲೇ ಬಂದಿತ್ತು.

ನಾವು ಹಳೆಯ ಚಿತ್ರಗಳಿಗೆ ಖರ್ಚು ಮಾಡಿಲ್ಲವೆಂದಲ್ಲ. 1965ರ 'ಸತ್ಯ ಹರಿಶ್ಚಂದ್ರ'ವನ್ನು 2008ರಲ್ಲಿ, 1971ರ 'ಕಸ್ತೂರಿ ನಿವಾಸ'ವನ್ನು 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದೆವು. ಥಿಯೇಟರಿನಲ್ಲಿ ಶಿಳ್ಳೆ ಬಿತ್ತು, ಹೊಸ ಹುಡುಗರು ಅಣ್ಣಾವ್ರನ್ನು ದೊಡ್ಡ ಪರದೆಯಲ್ಲಿ ಕಂಡರು. ಆ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯದನ್ನು ಮೇಲ್ದರ್ಜೆಗೇರಿಸುವುದು ಎಂದರೆ ಅದಕ್ಕೆ ಬಣ್ಣ ಬಳಿಯುವುದು ಎಂಬ ತಿಳಿವಳಿಕೆ ಅದರೊಂದಿಗೆ ಬೇರೂರಿತು. ಕಪ್ಪು-ಬಿಳುಪು ಒಂದು ಕೊರತೆ, ಅದನ್ನು ತುಂಬಬೇಕು ಎಂದಾಯಿತು. ಆ ಛಾಯಾಗ್ರಾಹಕರು ಬೂದುಗಳಲ್ಲಿ ಯೋಚಿಸಿ ಇಟ್ಟ ಬೆಳಕಿನ ಮೇಲೆ ಸೀರೆಗೆ ಕೆಂಪು, ಗೋಡೆಗೆ ಹಳದಿ ಬಂತು. ಕಪ್ಪು-ಬಿಳುಪಿನ ಶುದ್ಧ ಪ್ರತಿಯೊಂದು ಅದರ ಪಕ್ಕದಲ್ಲಿ ಸಿಗುವಂತಿದ್ದರೆ ನನ್ನ ತಕರಾರಿಲ್ಲ.

ಇಷ್ಟಾದರೂ ಇವು ಉಳಿದಿರುವ ಚಿತ್ರಗಳ ಮಾತು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' 1934ರದು, ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅದರ ಪ್ರತಿ ಎಲ್ಲೂ ಉಳಿದಿಲ್ಲ. ಯಾವ ಡಿಸ್ಕೂ ಅದನ್ನು ತರಲಾರದು. ನಾನಿರುವ ಪುಣೆಯಲ್ಲೇ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 2003ರ ಜನವರಿಯಲ್ಲಿ ಇದೇ ಊರಿನಲ್ಲಿ ಹಳೆಯ ನೈಟ್ರೇಟ್ ಫಿಲ್ಮುಗಳ ದಾಸ್ತಾನಿಗೆ ಬೆಂಕಿ ಬಿದ್ದು ಎಷ್ಟೋ ರೀಲುಗಳು ಬೂದಿಯಾದವು. ನೆಗೆಟಿವ್ ಉಳಿದರೆ ಮುಂದೆ ಯಾವ ಹೊಸ ಡಿಸ್ಕ್ ಬಂದರೂ ಅದರಿಂದ ಇನ್ನೊಮ್ಮೆ ತೆಗೆಯಬಹುದು. ನೆಗೆಟಿವ್ ಹೋದರೆ 8ಕೆ ಬಂದರೂ ತೋರಿಸುವುದು ವಿಸಿಡಿಯನ್ನೇ.

ಹಾಗಾದರೆ ಕೊಳ್ಳಬೇಕೋ ಬೇಡವೋ? ನನ್ನ ಉತ್ತರ ಇದು. ಇರುವ ಡಿವಿಡಿಗಳನ್ನೆಲ್ಲ ಸಾರಾಸಗಟಾಗಿ ಬ್ಲೂ-ರೇಗೆ ಬದಲಿಸುವುದು ದುಂದು. ಮಾತಿನ ಮೇಲೆ ನಿಂತ ಚಿತ್ರಕ್ಕೆ ಡಿವಿಡಿ ಸಾಕು. ಬೆಳಕಿನ ಮೇಲೆ ನಿಂತ ಚಿತ್ರಕ್ಕೆ, ಅದರ ಹೊಸ ಪ್ರತಿಯನ್ನು ಯಾವುದರಿಂದ ತೆಗೆದರು ಎಂದು ಪೆಟ್ಟಿಗೆಯ ಮೇಲೋ ಒಳಗಿನ ಪುಸ್ತಿಕೆಯಲ್ಲೋ ಹೇಳಿದ್ದರೆ, ಬೆಲೆ ಹೆಚ್ಚಾದರೂ ಕೊಳ್ಳಬೇಕು. ಮೂಲ ನೆಗೆಟಿವ್, ಇಷ್ಟನೇ ವರ್ಷ ಸ್ಕ್ಯಾನ್, ಇಂಥ ಲ್ಯಾಬ್ ಎಂಬ ಒಂದು ಸಾಲು 4ಕೆ ಎಂಬ ಹೊಳೆಯುವ ಸ್ಟಿಕ್ಕರಿಗಿಂತ ಹೆಚ್ಚು ಹೇಳುತ್ತದೆ. ಆ ಸಾಲು ಇಲ್ಲದ ಡಿಸ್ಕನ್ನು ಮುನ್ನುಡಿಯಿಲ್ಲದ ಹಳಗನ್ನಡ ಕಾವ್ಯದಂತೆ ಸ್ವಲ್ಪ ಅನುಮಾನದಿಂದಲೇ ತೆರೆಯಬೇಕು.

ಪ್ಲೇಯರ್ ಕೊಳ್ಳುವವರಿಗೆ ಒಂದೆರಡು ಮಾತು. ಬ್ಲೂ-ರೇಗೆ ವಲಯಗಳಿವೆ. ಭಾರತ ಸಿ ವಲಯ, ಅಮೆರಿಕ ಎ. ಕ್ರೈಟೀರಿಯನ್‌ನಂಥ ಅಮೆರಿಕದ ಬ್ಲೂ-ರೇಗಳು ಸಾಮಾನ್ಯವಾಗಿ ಎ ವಲಯಕ್ಕೆ ಬೀಗ ಹಾಕಿದವು. ಎಲ್ಲ ವಲಯಗಳನ್ನೂ ಓಡಿಸುವ ಪ್ಲೇಯರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. 4ಕೆ ಡಿಸ್ಕುಗಳಿಗೆ ವಲಯದ ಬೀಗವಿಲ್ಲ. ಟೀವಿ ಹತ್ತು ಅಡಿ ದೂರದಲ್ಲಿದ್ದರೆ ಡಿಸ್ಕಿಗೆ ಹಣ ಹಾಕುವ ಮೊದಲು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳಿ. ಅದಕ್ಕೆ ಖರ್ಚಿಲ್ಲ. ಟೀವಿಯಲ್ಲಿ ಚಿತ್ರವನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಆರಿಸಿ. ಅದು ಎಷ್ಟು ಒಳ್ಳೆಯ ಡಿಸ್ಕನ್ನೂ ಧಾರಾವಾಹಿಯಂತೆ ಮಾಡಿಬಿಡುತ್ತದೆ.

ಕೊನೆಯದು ಹಳೆಯ ವಿಸಿಡಿಗಳ ವಿಚಾರ. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಅವೇ. ಇಂಗ್ಲಿಷ್, ಹಿಂದಿ ಚಿತ್ರಗಳದ್ದಾದರೆ ಹೋಗಲಿ, ಒಳ್ಳೆಯ ಪ್ರತಿ ಬೇರೆ ಕಡೆ ಸಿಗುತ್ತದೆ. ಕನ್ನಡದ್ದನ್ನು ಮಾತ್ರ ಎಸೆಯುವ ಮೊದಲು ಒಮ್ಮೆ ಕಂಪ್ಯೂಟರಿಗೆ ಹಾಕಿ ನೋಡಿ. ಅದೇ ಚಿತ್ರ ಯೂಟ್ಯೂಬಿನಲ್ಲಿ ನೆತ್ತಿ ಕತ್ತರಿಸಿಕೊಂಡೋ, ಎರಡು ಹಾಡು ಕಳೆದುಕೊಂಡೋ, ಹಿಗ್ಗಿಸಿದ ಮೇಣದ ಮುಖದಲ್ಲೋ ಇರಬಹುದು. ಆಗ ನಿಮ್ಮ ಕೈಯಲ್ಲಿರುವ ಒಂದು ಲಕ್ಷ ಚುಕ್ಕೆಗಳ ಬಡಪಾಯಿ ಡಿಸ್ಕೇ ಹೆಚ್ಚು ಪೂರ್ತಿಯಾದ ಪಾಠ. ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಚಿತ್ರದ ಹೆಸರು, ವರ್ಷ, ಎಷ್ಟು ನಿಮಿಷ ಎಂದು ಬರೆದಿಡಿ. ನನ್ನ ಕಪಾಟಿನಲ್ಲಿ ಅಪು ತ್ರಿವಳಿಯ ಬ್ಲೂ-ರೇ ಪಕ್ಕದಲ್ಲಿ ಕನ್ನಡದ ವಿಸಿಡಿಗಳು ಹಾಗೆಯೇ ನಿಂತಿವೆ. ಅವುಗಳ ಜಾಗಕ್ಕೆ ಒಂದೊಂದಾಗಿ ಒಳ್ಳೆಯ ಸಂಪಾದನೆಗಳು ಬರುವವರೆಗೆ ಅವನ್ನು ತೆಗೆಯುವುದಿಲ್ಲ.